ಗೋಲಿನ ಮುಂದೆ ಯಾರು? ಇಂಡಿಯನ್ ಸೂಪರ್ ಲೀಗಿನ ವಿದೇಶಿ ಸ್ಟ್ರೈಕರ್‌ಗಳು ಮತ್ತು ಕರ್ನಾಟಕದ ಫುಟ್‌ಬಾಲ್

ಪ್ರಸ್ತಾವನೆ

ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) 2014ರಲ್ಲಿ ಆರಂಭವಾಯಿತು. 2024-25ರ ಹೊತ್ತಿಗೆ ಅದರ ಹನ್ನೊಂದು ಆವೃತ್ತಿಗಳು ಮುಗಿದವು. ಪ್ರತಿ ಆವೃತ್ತಿಯಲ್ಲೂ ಅತಿ ಹೆಚ್ಚು ಗೋಲು ಹೊಡೆದ ಆಟಗಾರನಿಗೆ ಸಲ್ಲುವ ‘ಗೋಲ್ಡನ್ ಬೂಟ್’ ಒಮ್ಮೆಯೂ ಭಾರತೀಯನ ಪಾಲಾಗಿಲ್ಲ. ಮೊದಲ ವರ್ಷ ಬ್ರೆಜಿಲ್‌ನ ಎಲಾನೊ 8 ಗೋಲುಗಳಿಂದ ಅದನ್ನು ಪಡೆದರು. ಸ್ಪೇನ್‌ನ ಕೋರೊ 2017-18ರಲ್ಲಿ 18, ಮರುವರ್ಷ 16 ಗೋಲು ಹೊಡೆದರು. 2024-25ರಲ್ಲಿ ಮೊರಾಕ್ಕೊದ ಅಜರಾಯಿ ಗಳಿಸಿದ್ದು 23. ವಿದೇಶಿ ಸ್ಟ್ರೈಕರ್‌ಗಳು ನಮ್ಮ ಹುಡುಗರ ದಾರಿಗೆ ಅಡ್ಡ ನಿಂತಿದ್ದಾರೆಂಬ ಮಾತು ಈ ಪಟ್ಟಿಯಿಂದಲೇ ಹುಟ್ಟಿದೆ. ಆ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಕರ್ನಾಟಕದ ಅನುಭವದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಿಯಮ ಬಿಗಿಯಾಯಿತು, ಫಲ ಬದಲಾಗಲಿಲ್ಲ

ಆರಂಭದಲ್ಲಿ ಒಂದು ತಂಡದ ಹನ್ನೊಂದು ಮಂದಿಯಲ್ಲಿ ಆರು ವಿದೇಶಿಯರು ಆಡಬಹುದಿತ್ತು. 2017-18ರಲ್ಲಿ ಅದು ಐದಕ್ಕೆ, 2021-22ರಲ್ಲಿ ನಾಲ್ಕಕ್ಕೆ ಇಳಿಯಿತು. ಭಾರತೀಯರಿಗೆ ಎರಡು ಸ್ಥಾನಗಳು ಹೆಚ್ಚಾಗಿ ಸಿಕ್ಕರೂ ಗೋಲ್ಡನ್ ಬೂಟ್ ವಿದೇಶಿಯರ ಕೈ ತಪ್ಪಲಿಲ್ಲ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಪಂದ್ಯದ ಫಲಿತಾಂಶವನ್ನು ನೇರವಾಗಿ ನಿರ್ಧರಿಸುವ ಸ್ಥಾನ ಸ್ಟ್ರೈಕರ್‌ನದು. ಅಲ್ಲಿ ಹೊಸಬನ ತಪ್ಪುಗಳನ್ನು ಸಹಿಸುವ ವ್ಯವಧಾನ ತರಬೇತುದಾರನಿಗೂ ಮಾಲೀಕರಿಗೂ ಇರುವುದಿಲ್ಲ. ವಿದೇಶಿಯರ ಸಂಖ್ಯೆ ಕುಗ್ಗಿದರೂ ಕ್ಲಬ್ಬುಗಳು ಕೊನೆಯವರೆಗೆ ಬಿಟ್ಟುಕೊಡದ ಸ್ಥಾನ ಅದೇ.

ಇದರ ಪರಿಣಾಮ ರಾಷ್ಟ್ರೀಯ ತಂಡದಲ್ಲಿ ಕಾಣುತ್ತದೆ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಭಾರತ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ ಮತ್ತು ಸಿರಿಯಾಗಳಿಗೆ ಸೋತಿತು. ಮೂರು ಪಂದ್ಯಗಳಲ್ಲಿ ಒಂದು ಗೋಲನ್ನೂ ಹೊಡೆಯಲಿಲ್ಲ. ಆ ವರ್ಷದ ಜೂನ್‌ನಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್‌ನಿಂದ ನಿವೃತ್ತರಾಗಿದ್ದ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಅವರನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಕರೆಸಿಕೊಳ್ಳಬೇಕಾಯಿತು. 2024-25ರ ಐಎಸ್‌ಎಲ್‌ನಲ್ಲಿ 14 ಗೋಲುಗಳೊಂದಿಗೆ ಭಾರತೀಯರ ಸಾಲಿನಲ್ಲಿ ಮೊದಲಿಗರಾಗಿದ್ದವರೂ ಅವರೇ. ಆಗ ಅವರ ವಯಸ್ಸು ನಲವತ್ತು. ಒಬ್ಬ ಆಟಗಾರನ ಮಟ್ಟಿಗೆ ಇದು ಹಿರಿಮೆ. ಒಂದು ವ್ಯವಸ್ಥೆಯ ಮಟ್ಟಿಗೆ ಎಚ್ಚರಿಕೆ.

ಬೆಂಗಳೂರು ಗೋಲುಗಾರರನ್ನು ಕಳಿಸುತ್ತಿದ್ದ ಕಾಲ

ಗೋಲು ಹೊಡೆಯುವವರು ಹುಟ್ಟದ ನೆಲವಲ್ಲ ಇದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದು, ಮರುವರ್ಷವೂ ಉಳಿಸಿಕೊಂಡಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಮೈಸೂರು ಸಂಸ್ಥಾನದ ಎಸ್. ರಾಮನ್ ಅವರದು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ 10-1ರಿಂದ ಗೆದ್ದಾಗ ನಮ್ಮ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಹೆಸರಾಂತ ಐವರು ಮುಂಪಡೆಯ ಆಟಗಾರರಲ್ಲಿ ಅವರೂ ಒಬ್ಬರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಚಿನ್ನದ ತಂಡದಲ್ಲಿದ್ದ ಅರುಮೈನಾಯಗಂ ಕೂಡ ಬೆಂಗಳೂರಿನವರು.

ಅಂದಿನ ಕಲ್ಕತ್ತೆಯ ಪಾಲಿಗೆ ಇಂಥವರು ಹೊರಗಿನಿಂದ ಬಂದ ಗೋಲುಗಾರರು. ಇವರನ್ನು ಬೆಳೆಸಿದ್ದು ದಂಡಿನ ಮೈದಾನಗಳು, ಕ್ಲಬ್ಬುಗಳು, ಸೇನಾ ತಂಡಗಳು. ಆ ಮೇಲೆ ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ದಿಮೆಗಳ ತಂಡಗಳು ಆ ಕೆಲಸ ಮುಂದುವರಿಸಿದವು. 1946-47ರಿಂದ 1968-69ರವರೆಗೆ ಮೈಸೂರು ಎಂಬ ಹೆಸರಿನಲ್ಲಿ ನಮ್ಮ ರಾಜ್ಯ ನಾಲ್ಕು ಬಾರಿ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ಐದನೆಯ ಗೆಲುವಿಗೆ ಕರ್ನಾಟಕ 54 ವರ್ಷ ಕಾಯಬೇಕಾಯಿತು: 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ ಆ ಕಾಯುವಿಕೆ ಮುಗಿಯಿತು.

ನಿಡಘಟ್ಟದಿಂದ ಕಾಣುವ ನೋಟ

ಬೆಂಗಳೂರಿನ ಹೊರಗೆ ಚಿತ್ರ ಬೇರೆ. ಬೆಂಗಳೂರು–ಮೈಸೂರು ದಶಪಥದ 56 ಕಿ.ಮೀ. ಉದ್ದದ ಮೊದಲ ಹಂತ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ನಿಡಘಟ್ಟಕ್ಕೆ ಮುಗಿಯುತ್ತದೆ. ರಾಜಧಾನಿಯಿಂದ ರಸ್ತೆ ಇಷ್ಟು ಬೇಗ ಬಂದು ತಲುಪಿತು; ಫುಟ್‌ಬಾಲ್ ಮಾತ್ರ ಬರಲಿಲ್ಲ. ರಾಜ್ಯದ ಬಲಿಷ್ಠ ಲೀಗ್ ಇಂದಿಗೂ ಬೆಂಗಳೂರಿನದೇ. ಮದ್ದೂರು, ಮಳವಳ್ಳಿ ಕಡೆಯ ಹುಡುಗರ ಆಟ ಕಬಡ್ಡಿ, ಕೊಕ್ಕೊ, ವಾಲಿಬಾಲ್.

ಪ್ರೊ ಕಬಡ್ಡಿ ಲೀಗ್ ಶುರುವಾದದ್ದೂ 2014ರಲ್ಲೇ. ಅಲ್ಲಿಯೂ ವಿದೇಶಿಯರಿದ್ದಾರೆ. ಇರಾನಿನ ಫಜಲ್ ಅತ್ರಾಚಲಿ ಟ್ಯಾಕಲ್‌ನಲ್ಲಿ 500 ಅಂಕ ದಾಟಿದ ಮೊದಲಿಗ. ಆದರೆ ಅಂಕ ತರುವ ರೇಡರ್ ಸ್ಥಾನ ನಮ್ಮವರ ಕೈಯಲ್ಲೇ ಉಳಿದಿದೆ. ರೇಡ್ ಅಂಕಗಳ ದಾಖಲೆ ಬರೆದ ಪರದೀಪ್ ನರ್ವಾಲ್, 2019ರ ಜನವರಿಯ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್‌ಗೆ ಪ್ರಶಸ್ತಿ ತಂದ ಪವನ್ ಸೆಹ್ರಾವತ್ ಇಬ್ಬರೂ ಭಾರತೀಯರು. ಕಬಡ್ಡಿ ನಮ್ಮದೇ ಆಟವಾದ್ದರಿಂದ ಈ ಹೋಲಿಕೆಗೆ ಮಿತಿಯಿದೆ, ನಿಜ. ಆದರೂ ಅದು ಒಂದು ತತ್ತ್ವವನ್ನು ತೋರುತ್ತದೆ: ಊರೂರಿನ ಅಂಗಳದಲ್ಲಿ ಸಾವಿರಾರು ಹುಡುಗರು ರೇಡ್ ಮಾಡುವ ನಾಡಿನಲ್ಲಿ ರೇಡರ್‌ಗೆ ಬರವಿಲ್ಲ. ಅಷ್ಟೇ ದಟ್ಟವಾಗಿ ಫುಟ್‌ಬಾಲ್ ಆಡದ ಕಡೆ ಸ್ಟ್ರೈಕರ್‌ಗಳನ್ನು ಹೊರಗಿನಿಂದಲೇ ತರಬೇಕಾಗುತ್ತದೆ.

ಜೊತೆಯಲ್ಲಿ ಬೆಳೆದವರು

ವಿದೇಶಿ ಸ್ಟ್ರೈಕರ್ ಇದ್ದಲ್ಲಿ ಸ್ಥಳೀಯರು ಬೆಳೆಯುವುದೇ ಇಲ್ಲ ಎನ್ನಲಾಗದು. 2022-23ರಲ್ಲಿ ಬೆಂಗಳೂರು ಎಫ್‌ಸಿಯ ಮುಂಪಡೆಯಲ್ಲಿ ಫಿಜಿಯ ರಾಯ್ ಕೃಷ್ಣ ಅವರ ಜೊತೆಗೆ ತಮಿಳುನಾಡಿನ ಯುವಕ ಶಿವಶಕ್ತಿ ಆಡಿದರು. 6 ಗೋಲು ಹೊಡೆದು ಲೀಗಿನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರಿಗೆ ಗೆಲುವಿನ ಗೋಲು ತಂದದ್ದು ಹದಿಹರೆಯದ ವಿನೀತ್ ವೆಂಕಟೇಶ್. ಇಬ್ಬರಿಗೂ ಬೇಕಾಗಿದ್ದುದು ಮೈದಾನದ ಮೇಲಿನ ಸಮಯ. ಅದು ಸಿಕ್ಕಾಗ ಅವರು ಅದನ್ನು ಸದುಪಯೋಗ ಮಾಡಿಕೊಂಡರು.

ಉಪಸಂಹಾರ

ವಿದೇಶಿ ಸ್ಟ್ರೈಕರ್ ನಮ್ಮ ಕೊರತೆಯ ಲಕ್ಷಣವೇ ಹೊರತು ಅದರ ಮೂಲವಲ್ಲ. ವಿದೇಶಿಯರ ಮಿತಿಯನ್ನು ನಾಲ್ಕರಿಂದ ಮೂರಕ್ಕಿಳಿಸಿದರೂ ಆ ಮೂವರಲ್ಲಿ ಒಬ್ಬ ಗೋಲಿನ ಮುಂದೆಯೇ ನಿಂತಿರುತ್ತಾನೆ. ಬದಲಾವಣೆ ಕೆಳಗಿನಿಂದ ಬರಬೇಕು. ರಾಜ್ಯ ಮಟ್ಟದ ಲೀಗುಗಳಲ್ಲಿ 21 ವರ್ಷದೊಳಗಿನ ಸ್ಥಳೀಯ ಮುಂಪಡೆ ಆಟಗಾರನಿಗೆ ಪ್ರತಿ ಪಂದ್ಯದಲ್ಲೂ ಕನಿಷ್ಠ ಅವಧಿಯನ್ನು ಕಡ್ಡಾಯ ಮಾಡಬೇಕು. ಸಂತೋಷ್ ಟ್ರೋಫಿಯಲ್ಲಿ ಗೋಲು ಹೊಡೆದವರನ್ನು ದೊಡ್ಡ ಕ್ಲಬ್ಬುಗಳು ತರಬೇತಿಗೆ ಕರೆಯುವ ಪದ್ಧತಿ ಬರಬೇಕು. ಎಲ್ಲಕ್ಕಿಂತ ಮೊದಲು, ಮಂಡ್ಯದಂಥ ಜಿಲ್ಲೆಗಳಲ್ಲಿ ಶಾಲೆ, ಕಾಲೇಜು, ಊರಿನ ತಂಡಗಳು ತಿಂಗಳುಗಟ್ಟಲೆ ಸೆಣಸುವ ಜಿಲ್ಲಾ ಲೀಗುಗಳು ಶುರುವಾಗಬೇಕು. ರಾಜ್ಯದ ಫುಟ್‌ಬಾಲ್ ಸಂಸ್ಥೆ, ಕ್ರೀಡಾ ಇಲಾಖೆ ಮತ್ತು ಕ್ಲಬ್ಬುಗಳು ಕೂಡಿ ಈ ಹೊಣೆಯನ್ನು ಹೊರಬೇಕಾಗಿದೆ.