ನಕಾಶೆಯಲ್ಲಿ ಕಾಲುದಾರಿ ಇತ್ತು, ಹೆದ್ದಾರಿಯಲ್ಲಿ ಯಾಕಿಲ್ಲ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತಿನ ಸಂಚಿಕೆ ನಡೆಯುವವರ ಬಗ್ಗೆ. ತೂಕ ಇಳಿಸೋಕೆ ಬೆಳಗ್ಗೆ ಪಾರ್ಕಿನಲ್ಲಿ ನಡೆಯುವವರನ್ನ ಸದ್ಯಕ್ಕೆ ಬಿಡಿ. ಹಾಲಿನ ಕ್ಯಾನ್ ಹಿಡಿದು ಡೈರಿಗೆ, ಬ್ಯಾಗ್ ಹಾಕಿಕೊಂಡು ಶಾಲೆಗೆ, ಚೀಲ ಹಿಡಿದು ರೇಷನ್ ಅಂಗಡಿಗೆ, ಬೆಂಗಳೂರು ಬಸ್ಸು ಹಿಡಿಯೋಕೆ ಸ್ಟಾಪಿಗೆ ಅಂತ ದಿನಾ ರಸ್ತೆ ಬದಿಯಲ್ಲಿ ನಡೀತಾರಲ್ಲ, ಅವರ ಬಗ್ಗೆ.

ನಮ್ಮದು ನಂದಗುಡಿ. ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರ. ಹೊಸಕೋಟೆಯಿಂದ ಚಿಂತಾಮಣಿ ಕಡೆ ಹೋಗುವ ರಾಜ್ಯ ಹೆದ್ದಾರಿ ಮೇಲಿರೋ ಊರು. ಹೆದ್ದಾರಿ ಮೇಲೆ ಬೆಳೆದ ಯಾವ ಹೋಬಳಿ ಊರಿಗೆ ಬೇಕಾದರೂ ಹೋಗಿ ನೋಡಿ. ಡಾಂಬರು ಮುಗಿದ ಕಡೆ ಮಣ್ಣು ಶುರುವಾಗುತ್ತೆ. ಮಣ್ಣಿನ ಮೇಲೆ ನಿಂತ ಬೈಕು, ಅದರಾಚೆ ತೆರೆದ ಚರಂಡಿ, ಚರಂಡಿ ಆಚೆ ಅಂಗಡಿ ಮೆಟ್ಟಿಲು. ನಡೆಯುವವನಿಗೆ ಉಳಿಯೋದು ಡಾಂಬರಿನ ಅಂಚು ಮಾತ್ರ. ಹಿಂದಿನಿಂದ ಟಿಪ್ಪರ್ ಹಾರ್ನ್ ಹೊಡೆದರೆ ಮಣ್ಣಿಗೆ ಇಳಿಯಬೇಕು, ಹೋದ ಮೇಲೆ ಮತ್ತೆ ಹತ್ತಬೇಕು.

ನಾನು ಓದಿದ್ದು ಬಿ.ಕಾಂ. ಇತಿಹಾಸ ನನ್ನ ಹವ್ಯಾಸ. ಹಾಗಾಗಿ ಈ ವಿಷಯಾನ ಲೆಕ್ಕದ ಪುಸ್ತಕ ನೋಡೋ ಹಾಗೆ ನೋಡೋಣ ಅನ್ನಿಸಿತು. ನಡೆಯುವ ಮನುಷ್ಯನ ಹೆಸರಲ್ಲಿ ಸರ್ಕಾರದ ಪುಸ್ತಕದಲ್ಲಿ ಒಂದು ಖಾತೆ ಇತ್ತಾ? ಇದ್ದರೆ ಅದು ಯಾವಾಗ ಕಳೆದುಹೋಯ್ತು?

ಮೊದಲು ನಮ್ಮೆಲ್ಲರಿಗೂ ಗೊತ್ತಿರೋ ಒಂದು ದಾಖಲೆಯಿಂದ ಶುರು ಮಾಡ್ತೀನಿ. ಗ್ರಾಮ ನಕಾಶೆ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾಗಿದ್ದು 1863ರಲ್ಲಿ. ಆ ಸರ್ವೆ ಪರಂಪರೆಯ ನಕಾಶೆಗಳನ್ನ ಬಿಡಿಸಿ ನೋಡಿ. ಕೆರೆಗೆ ಒಂದು ಗುರುತು, ಹಳ್ಳಕ್ಕೆ ಒಂದು ಗುರುತು, ಬಂಡಿದಾರಿಗೆ ಒಂದು ಗುರುತು, ಕಾಲುದಾರಿಗೆ ಬೇರೆಯದೇ ಒಂದು ಗುರುತು. ಇವತ್ತಿಗೂ ಹೊಲಕ್ಕೆ ಹೋಗೋ ದಾರಿ ವಿಷಯಕ್ಕೆ ಜಗಳ ಆದರೆ ನಮ್ಮ ಕಡೆ ಕೇಳೋ ಮೊದಲ ಪ್ರಶ್ನೆ, "ನಕಾಶೆಯಲ್ಲಿ ದಾರಿ ಇದೆಯೇನಪ್ಪ?" ಅಂತ. ಇದ್ದರೆ ತಹಶೀಲ್ದಾರ್ ಬಂದು ಬಿಡಿಸಿಕೊಡಬೇಕು.

ಅಂದ್ರೆ ನೂರೈವತ್ತು ವರ್ಷದ ಹಿಂದಿನ ಸರ್ಕಾರಕ್ಕೆ ಒಂದು ವಿಷಯ ಗೊತ್ತಿತ್ತು. ಜನ ನಡೀತಾರೆ, ನಡೆಯೋಕೆ ಜಾಗ ಬೇಕು, ಆ ಜಾಗ ಯಾರದೋ ಸ್ವಂತದ್ದಾಗಬಾರದು. ಕಾಲುದಾರಿಗೆ ಕಾಗದದ ಮೇಲೆ ಗೆರೆ ಇತ್ತು.

ದೊಡ್ಡ ರಸ್ತೆಗಳ ಕಥೆ ಇದಕ್ಕಿಂತ ಸ್ವಲ್ಪ ಹಿಂದಿನದು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ ಆದವು. ಸಂಸ್ಥಾನದ ಲೋಕೋಪಯೋಗಿ ಇಲಾಖೆ ಹುಟ್ಟಿದ್ದು 1856ರಲ್ಲಿ. ಆ ಕಾಲದ ರಸ್ತೆಯಲ್ಲಿ ಎತ್ತಿನ ಗಾಡಿ, ಕುದುರೆ, ಕತ್ತೆ, ಮನುಷ್ಯ ಎಲ್ಲರೂ ಹೆಚ್ಚುಕಡಿಮೆ ಒಂದೇ ವೇಗ. ಬೇರೆ ಫುಟ್‌ಪಾತ್ ಬೇಕಾಗಿರಲಿಲ್ಲ. ನಡೆಯುವವನಿಗೆ ಬೇಕಾಗಿದ್ದು ನೆರಳು. ಅದಕ್ಕೇ ಸಾಲುಮರ.

ಸಾಲುಮರ ಅಂದ ತಕ್ಷಣ ತಿಮ್ಮಕ್ಕನವರು ನೆನಪಾಗ್ತಾರೆ. ಹುಲಿಕಲ್‌ನಿಂದ ಕುದೂರಿನ ಕಡೆ ಹೋಗುವ ದಾರಿಯಲ್ಲಿ ಅವರು, ಅವರ ಯಜಮಾನರು ಚಿಕ್ಕಯ್ಯನವರು ಸೇರಿ 385 ಆಲದ ಮರ ಬೆಳೆಸಿದರು. ಆ ಊರಿರೋ ಮಾಗಡಿ ತಾಲ್ಲೂಕು 2007ರವರೆಗೆ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇತ್ತು. ನಾವು ಅವರನ್ನ ಪರಿಸರದ ಲೆಕ್ಕದಲ್ಲಿ ಗೌರವಿಸ್ತೀವಿ, ಸರಿಯೇ. ನನ್ನ ಲೆಕ್ಕದಲ್ಲಿ ಅದು ಈ ಭಾಗದಲ್ಲಿ ಆದ ಅತಿ ದೊಡ್ಡ ಪಾದಚಾರಿ ಯೋಜನೆ ಕೂಡ. ಟೆಂಡರ್ ಇಲ್ಲ, ಬಿಲ್ ಇಲ್ಲ. ಬಿಂದಿಗೆಯಲ್ಲಿ ನೀರು ಹೊತ್ತು ಮಾಡಿದ ಕೆಲಸ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣಕ್ಕೆ ಆ ಮರಗಳಿಗೇ ಕುತ್ತು ಬಂತು. ತಿಮ್ಮಕ್ಕನವರೇ ಮುಖ್ಯಮಂತ್ರಿ ಹತ್ತಿರ ಹೋಗಿ ಕೇಳಿದ ಮೇಲೆ ಮರ ಉಳಿಸುವ ಭರವಸೆ ಸಿಕ್ಕಿತು.

ಈ ಎರಡು ಘಟನೆ ಒಂದೇ ವರ್ಷದಲ್ಲಿ ನಡೆದಿದ್ದು ನನಗೆ ಬಹಳ ಕಾಡುತ್ತೆ. ನಡೆಯುವವನಿಗೆ ನೆರಳು ಕೊಟ್ಟವರಿಗೆ ಪ್ರಶಸ್ತಿ, ಆ ನೆರಳಿಗೆ ಕೊಡಲಿ. ಎರಡನ್ನೂ ತಂದಿದ್ದು ಸರ್ಕಾರವೇ. ಒಂದು ಇಲಾಖೆಯ ಪುಸ್ತಕದಲ್ಲಿ ಮರ ಆಸ್ತಿ, ಇನ್ನೊಂದರಲ್ಲಿ ಅಡಚಣೆ.

ಈಗ ಮೋಟಾರಿಗೆ ಬರೋಣ. ಮೋಟಾರು ವಾಹನಗಳಿಗೆ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸೋ ಕಾನೂನು ಬಂದಿದ್ದು 1914ರಲ್ಲಿ. ಆಮೇಲೆ 1939ರದ್ದು, ಆಮೇಲೆ ಈಗಿನ 1988ರದ್ದು. ನಾನು ಎರಡು ಊರುಗಳ ಒಂದೇ ವರ್ಷವನ್ನ ಪಕ್ಕಪಕ್ಕ ಇಡ್ತೀನಿ, ನೋಡಿ. 1934. ಆ ವರ್ಷ ಲಂಡನ್ನಿನಲ್ಲಿ ಲೆಸ್ಲಿ ಹೋರ್-ಬೆಲಿಶಾ ಸಾರಿಗೆ ಮಂತ್ರಿಯಾದರು. ಜನ ರಸ್ತೆ ದಾಟುವ ಕಡೆ ಕಪ್ಪು ಬಿಳಿ ಪಟ್ಟಿಯ ಕಂಬ, ಅದರ ಮೇಲೊಂದು ಕಿತ್ತಳೆ ಬಣ್ಣದ ಗುಂಡು ನಿಲ್ಲಿಸಿದರು. ಇವತ್ತಿಗೂ ಅದಕ್ಕೆ ಅವರದೇ ಹೆಸರು. 1951ರಲ್ಲಿ ಅಲ್ಲಿ ನೆಲದ ಮೇಲೆ ಜೀಬ್ರಾ ಪಟ್ಟಿಯೂ ಬಂತು.

ಅದೇ 1934ರಲ್ಲಿ ದೆಹಲಿಯಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. ರಸ್ತೆ ಎಷ್ಟು ಅಗಲ, ಎಷ್ಟು ದಪ್ಪ, ತಿರುವು ಹೇಗಿರಬೇಕು ಅಂತ ದೇಶಕ್ಕೆಲ್ಲ ಮಾನದಂಡ ಬರೆಯುವ ಎಂಜಿನಿಯರುಗಳ ಸಂಸ್ಥೆ. ಅವರು ಪಾದಚಾರಿ ಸೌಲಭ್ಯಕ್ಕೆ ಅಂತಲೇ ಮಾರ್ಗಸೂಚಿ ಪ್ರಕಟಿಸಿದ್ದು ಯಾವಾಗ ಗೊತ್ತಾ? 1988ರಲ್ಲಿ. ನಡುವೆ 54 ವರ್ಷ! ಐಆರ್‌ಸಿ 103 ಅಂತ ಅದರ ಸಂಖ್ಯೆ. 2012ರಲ್ಲಿ ಪರಿಷ್ಕರಣೆ ಆಯ್ತು. ಫುಟ್‌ಪಾತ್ ಮೇಲೆ ಅಡ್ಡಿಯಿಲ್ಲದೆ ನಡೆಯೋಕೆ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಚಿನ ಕಲ್ಲು ತುಂಬಾ ಎತ್ತರ ಇರಬಾರದು, ಗಾಲಿಕುರ್ಚಿ ಹತ್ತುವಂತಿರಬೇಕು ಅಂತೆಲ್ಲ ಅದರಲ್ಲಿದೆ.

ಆ 54 ವರ್ಷದ ನಡುವೆ ಇನ್ನೊಂದು ದೊಡ್ಡ ಘಟನೆ ಆಯ್ತು. 1943ರಲ್ಲಿ ಮುಖ್ಯ ಎಂಜಿನಿಯರುಗಳು ನಾಗಪುರದಲ್ಲಿ ಸೇರಿ ರಸ್ತೆಗಳನ್ನ ವರ್ಗ ಮಾಡಿದರು. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆ. ಒಳ್ಳೆ ಉದ್ದೇಶವೇ. ಆದರೆ ಊರಿನ ಮಟ್ಟಿಗೆ ಆಗಿದ್ದೇನು? ನಮ್ಮ ಮುಖ್ಯ ಬೀದಿ ಒಂದು ಸಂಖ್ಯೆಯಾಯ್ತು. ಡಾಂಬರು ಲೋಕೋಪಯೋಗಿ ಇಲಾಖೆದು, ಪಕ್ಕದ ಅಡ್ಡರಸ್ತೆ ಪಂಚಾಯಿತಿದು. ನಡುವೆ ಇರೋ ಮಣ್ಣಿನ ಪಟ್ಟಿ? ಕಂಬ ವಿದ್ಯುತ್ ಕಂಪನಿದು, ಪೈಪು ನೀರಿನವರದು, ಚರಂಡಿ ಯಾರದು ಅಂತ ವಾದ.

1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಬಂದಾಗ ಊರಿಗೆ ಅಧಿಕಾರ ಬಂತು ಅಂತ ಸಂಭ್ರಮ ಇತ್ತು. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಇದೆ. ಅದರಲ್ಲಿ ರಸ್ತೆ, ಮೋರಿ, ಸೇತುವೆ, ದೋಣಿಗಡಿ ಎಲ್ಲಾ ಇದೆ. ಪಾದಚಾರಿ ಅನ್ನೋ ಪದ ಇಲ್ಲ. ಲೆಕ್ಕ ಓದಿದವರಿಗೆ ಇದರ ಅರ್ಥ ಬೇಗ ಆಗುತ್ತೆ. ಲೆಕ್ಕ ಶೀರ್ಷಿಕೆ ಇಲ್ಲದ ಖರ್ಚು ಅಂದ್ರೆ ಆಗದ ಖರ್ಚು. ಯಾರೂ ಕೆಟ್ಟವರಾಗಬೇಕಿಲ್ಲ, ಯಾರೂ ದುಡ್ಡು ತಿನ್ನಬೇಕಿಲ್ಲ. ಎಸ್ಟಿಮೇಟಿನಲ್ಲಿ ಒಂದು ಸಾಲು ಬರೆಯದೇ ಇದ್ದರೆ ಸಾಕು, ಫುಟ್‌ಪಾತ್ ಆಗಲ್ಲ.

ಹಾಗಾದರೆ ನಮ್ಮ ಹಳ್ಳಿ ಕಡೆ ನಡೆಯುವವರಿಗೆ ಅಂತ ಆಗಿದ್ದೇನು? ಹಂಪ್ಸ್. ಅದರ ಕ್ರಮ ನಿಮಗೂ ಗೊತ್ತು. ಮೊದಲು ಒಂದು ಸಾವು. ಆಮೇಲೆ ರಸ್ತೆ ತಡೆ. ಪೊಲೀಸರು ಬರ್ತಾರೆ, ಮುಖಂಡರು ಬರ್ತಾರೆ, ಭರವಸೆ. ಕೆಲವು ದಿನಕ್ಕೆ ಒಂದು ಉಬ್ಬು. ಇದಕ್ಕೂ ಮಾನದಂಡ ಇದೆ, ಅದೂ ಮೊದಲು ಬಂದಿದ್ದು 1988ರಲ್ಲೇ. ಆಗಿನ ಐಆರ್‌ಸಿ 99 ಪ್ರಕಾರ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕಿತ್ತು, ನಿಧಾನಕ್ಕೆ ಹತ್ತಿ ನಿಧಾನಕ್ಕೆ ಇಳಿಯೋ ಹಾಗೆ. ನಮ್ಮಲ್ಲಿ ಒಂದೂವರೆ ಅಡಿ ಅಗಲದ ದಿಬ್ಬ ಹಾಕ್ತಾರೆ, ಬಣ್ಣ ಬಳಿಯಲ್ಲ. ರಾತ್ರಿ ಬೈಕಿನವನು ಅದರ ಮೇಲೆ ಹಾರಿ ಬೀಳ್ತಾನೆ. ಒಬ್ಬರ ಸಾವಿಗೆ ಕೊಟ್ಟ ಪರಿಹಾರ ಇನ್ನೊಬ್ಬರ ಸೊಂಟ ಮುರಿಯುತ್ತೆ.

ಆದರೂ ಹಂಪ್ಸ್ ಹಿಂದಿರೋ ಬುದ್ಧಿ ಸರಿ. ವೇಗವೇ ಮೂಲ. ವೇಗ ದುಪ್ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತೆ. ಸರಾಸರಿ ವೇಗ ಶೇ 1ರಷ್ಟು ಹೆಚ್ಚಿದರೆ ಸಾವಿನ ಅಪಘಾತದ ಅಪಾಯ ಶೇ 4ರಷ್ಟು ಹೆಚ್ಚುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. 2018ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತ ಪಾದಚಾರಿಗಳು 22,656. 2022ರಲ್ಲಿ 32,825. ಇದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಆ ವರ್ಷ ರಸ್ತೆಯಲ್ಲಿ ಸತ್ತ ಪ್ರತಿ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ನಡೆಯುತ್ತಿದ್ದವರು.

"ಇದೆಲ್ಲ ನಮ್ಮಲ್ಲಿ ಆಗೋ ಮಾತಲ್ಲ ಬಿಡಿ" ಅಂತ ಯಾರಾದರೂ ಹೇಳಿದರೆ, ಇಲ್ಲಿಂದ ಒಂದು ಬಸ್ಸು ದೂರದಲ್ಲಿ ಆಗಿದೆ ಅಂತ ಹೇಳಿ. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳು. ವಿಟ್ಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ ಸೇರಿ ಮೊದಲ ಹಂತದಲ್ಲಿ ಏಳು. 2015ರ ಹೊತ್ತಿಗೆ ಒಂದೊಂದಾಗಿ ತೆರೆದುಕೊಂಡವು. ಅಲ್ಲಿ ಅಗಲವಾದ ಫುಟ್‌ಪಾತ್ ಮಾಡಿದರು. ಅದರ ಕೆಳಗೇ ನೀರು, ಕರೆಂಟು, ಕೇಬಲ್‌ಗೆ ಬೇರೆ ಬೇರೆ ಕೊಳವೆ ಹಾಕಿದರು, ಮತ್ತೆ ಮತ್ತೆ ಅಗೆಯಬಾರದು ಅಂತ. ವಾಹನದ ಪಥ ಉದ್ದಕ್ಕೂ ಒಂದೇ ಅಗಲ. ಆಗ ಬಂದ ಟೀಕೆ ನೆನಪಿದೆಯಾ? ಖರ್ಚು ಜಾಸ್ತಿ, ರಸ್ತೆ ಕಿರಿದಾಯ್ತು, ಪಾರ್ಕಿಂಗ್ ಹೋಯ್ತು. ಖರ್ಚಿನ ಮಾತಲ್ಲಿ ನಿಜವೂ ಇತ್ತು. ನಂದಗುಡಿಗೆ ಅಂಥ ರಸ್ತೆ ಕೇಳೋದು ದುಬಾರಿ ಕನಸು. ನಾವು ತರಬೇಕಾಗಿರೋದು ಅದರ ಕಲ್ಲನ್ನಲ್ಲ, ಅದರ ಕ್ರಮವನ್ನ. ಮೊದಲು ನಡೆಯುವವನ ಜಾಗ ಗುರುತು ಮಾಡು, ಉಳಿದದ್ದನ್ನ ವಾಹನಕ್ಕೆ ಕೊಡು. ನಮ್ಮಲ್ಲಿ ಲೆಕ್ಕ ಉಲ್ಟಾ ಇದೆ.

ಊರು ಚಿಕ್ಕದಾದರೆ ಆಗಲ್ಲ ಅನ್ನೋದೂ ಸುಳ್ಳು. ನೆದರ್ಲೆಂಡ್ಸ್‌ನಲ್ಲಿ 1971ರಲ್ಲಿ ರಸ್ತೆ ಅಪಘಾತಕ್ಕೆ 400ಕ್ಕೂ ಹೆಚ್ಚು ಮಕ್ಕಳು ಸತ್ತರು. ತಂದೆತಾಯಿಗಳು "ಮಕ್ಕಳ ಕೊಲೆ ನಿಲ್ಲಿಸಿ" ಅನ್ನೋ ಹೆಸರಿಟ್ಟುಕೊಂಡು ಬೀದಿಗೆ ಇಳಿದರು. ಅಲ್ಲಿ ಡೆಲ್ಫ್ಟ್ ಅಂತ ಒಂದು ಪುಟ್ಟ ಪಟ್ಟಣ. ಅದಕ್ಕೂ ಮೊದಲೇ ಅಲ್ಲಿ ಮನೆಗಳ ಮುಂದಿನ ಬೀದಿಗೆ ಗಿಡ, ಬೆಂಚು ಇಟ್ಟು, ಕಾರು ಮನುಷ್ಯನ ನಡಿಗೆ ವೇಗದಲ್ಲೇ ಹೋಗೋ ಹಾಗೆ ಮಾಡಿದ್ದರು. 1976ರಲ್ಲಿ ಅದು ಇಡೀ ದೇಶದ ಕಾನೂನಿಗೆ ಸೇರಿತು. ರಾಜಧಾನಿ ಮೊದಲು ಮಾಡಲಿ ಅಂತ ಆ ಪಟ್ಟಣ ಕಾಯಲಿಲ್ಲ.

ಇನ್ನು ನಮ್ಮ ಕೋರ್ಟುಗಳು. 2019ರ ಜುಲೈ 31ರಂದು ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಗುಂಡಿಗಳ ಕೇಸಿನಲ್ಲಿ, ರಸ್ತೆ ಸುಸ್ಥಿತಿಯಲ್ಲಿರೋದು ಸಂವಿಧಾನದ 21ನೇ ವಿಧಿಯ ಹಕ್ಕು ಅಂದಿತು. ಆಗ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಪೀಠದಲ್ಲಿ ಕೂತು ಅವರೇ, ಅಡ್ಡಿಯಿಲ್ಲದ ಫುಟ್‌ಪಾತ್ ಕೂಡ 21ನೇ ವಿಧಿಯ ಹಕ್ಕು ಅಂದರು. ಆ ಅರ್ಜಿ ಹಾಕಿದ್ದು ಕೊಯಮತ್ತೂರಿನ ಮೂಳೆ ಡಾಕ್ಟರ್ ಎಸ್. ರಾಜಸೀಕರನ್. ಮುರಿದ ಮೂಳೆ ಜೋಡಿಸೋರೇ ಕೋರ್ಟಿಗೆ ಹೋಗಿದ್ದು.

ಅದೇ ಕೇಸಿನಲ್ಲಿ 2025ರ ಅಕ್ಟೋಬರ್ 7ರ ಆದೇಶ ನಮಗೆ ಇನ್ನೂ ಮುಖ್ಯ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 138(1ಎ) ಮತ್ತು 210ಡಿ ಕಲಂಗಳ ಅಡಿ ರಾಜ್ಯಗಳು ನಿಯಮ ಮಾಡಬೇಕು, ಆರು ತಿಂಗಳಲ್ಲಿ. ಮೊದಲನೆಯದು ನಡೆಯುವವರಿಗೆ, ಎರಡನೆಯದು ರಾಷ್ಟ್ರೀಯ ಹೆದ್ದಾರಿ ಬಿಟ್ಟು ಉಳಿದ ರಸ್ತೆಗಳ ವಿನ್ಯಾಸಕ್ಕೆ. ಅಂದ್ರೆ ನಮ್ಮ ರಾಜ್ಯ ಹೆದ್ದಾರಿ ಅದರೊಳಗೆ ಬರುತ್ತೆ. ಫುಟ್‌ಪಾತ್ ಪರಿಶೀಲನೆ ಮಾತ್ರ 50 ನಗರಗಳಿಂದ ಶುರು ಮಾಡಿ ಅಂದಿದೆ ಕೋರ್ಟು. ಆ ಐವತ್ತರಲ್ಲಿ ಯಾವ ಹೋಬಳಿ ಊರೂ ಬರಲ್ಲ.

ಹಾಗಾಗಿ ಪರಿಶೀಲನೆ ನಾವೇ ಮಾಡಬೇಕು. ಕಷ್ಟದ ಕೆಲಸ ಏನಲ್ಲ. ಒಂದು ಟೇಪು ಸಾಕು. ಶಾಲೆಯಿಂದ ಬಸ್ ಸ್ಟಾಪಿನವರೆಗೆ ನಡೆದು, 1.8 ಮೀಟರ್ ಎಲ್ಲಿ ಸಿಗುತ್ತೆ, ಎಲ್ಲಿ ಸಿಗಲ್ಲ ಅಂತ ಬರೆದುಕೊಳ್ಳಿ. ರಸ್ತೆ ಕಾಮಗಾರಿಯ ಎಸ್ಟಿಮೇಟ್ ಪ್ರತಿಯನ್ನ ಮಾಹಿತಿ ಹಕ್ಕಿನಲ್ಲಿ ಕೇಳಿ. ಗ್ರಾಮಸಭೆಯಲ್ಲಿ ವಿಷಯ ಇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಲೋಕೋಪಯೋಗಿ ಇಲಾಖೆಗೆ ಕಳಿಸಿ. ಮಕ್ಕಳ ಗ್ರಾಮಸಭೆ ಅಂತ ವರ್ಷಕ್ಕೊಮ್ಮೆ ನಡೆಯುತ್ತಲ್ಲ, ಅಲ್ಲಿ ಮಕ್ಕಳ ಕೈಲೇ ಕೇಳಿಸಿ. ಕೇಳೋದು ಮೂರೇ. ತೆರೆದ ಚರಂಡಿಗೆ ಗಟ್ಟಿ ಚಪ್ಪಡಿ, ಅದೇ ಫುಟ್‌ಪಾತ್ ಆಗುತ್ತೆ. ಶಾಲೆ ಮುಂದೆ ಜೀಬ್ರಾ ಪಟ್ಟಿ. ಅದಕ್ಕಿಂತ ಮೊದಲು ಅಳತೆ ಪ್ರಕಾರ ಹಾಕಿದ, ಬಣ್ಣ ಬಳಿದ ಒಂದು ಉಬ್ಬು.

ಹಳೇ ಸರ್ವೆಯವರು ಕಾಲುದಾರಿಗೆ ಗೆರೆ ಎಳೆದಿದ್ದರಿಂದಲೇ ಇವತ್ತಿಗೂ ರೈತರು ತಮ್ಮ ಹೊಲಕ್ಕೆ ಹೋಗ್ತಿದ್ದಾರೆ. ಕಾಗದದ ಮೇಲೆ ಒಂದು ಸಾಲು ಎಷ್ಟು ವರ್ಷ ಕಾಯುತ್ತೆ ಅನ್ನೋಕೆ ಅದೇ ಸಾಕ್ಷಿ. ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಆ ಸಾಲು ಸೇರಿಸೋ ಕೆಲಸ ನಮ್ಮದು.

ನಿಮ್ಮ ಊರಿನ ಅಳತೆ ಎಷ್ಟು ಬಂತು ಅಂತ ನನಗೆ ಬರೆದು ಕಳಿಸಿ, ಇನ್ನೊಂದು ಸಂಚಿಕೆಯಲ್ಲಿ ಓದ್ತೀನಿ. ರಸ್ತೆ ದಾಟುವಾಗ ಹುಷಾರು.