ಕ್ರಿಸ್ಟಿ ಮಾರ್ಟಿನ್

ಅಮೆರಿಕದ ಮಾಜಿ ವೃತ್ತಿಪರ ಬಾಕ್ಸರ್ (ಜನನ 1968). ಬೆಳೆದದ್ದು ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಸೀಮೆಯಲ್ಲಿ. ‘ಗಣಿ ಕಾರ್ಮಿಕನ ಮಗಳು’ ಎಂಬುದೇ ರಿಂಗ್‌ನಲ್ಲಿ ಬಿರುದಾಯಿತು.

1996ರ ಮಾರ್ಚ್ 16ರಂದು ಲಾಸ್ ವೇಗಸ್‌ನಲ್ಲಿ, ಮೈಕ್ ಟೈಸನ್–ಫ್ರಾಂಕ್ ಬ್ರೂನೊ ಪಂದ್ಯಕ್ಕೆ ಮುನ್ನ, ಐರ್ಲೆಂಡಿನ ಡೀರ್ಡ್ರಿ ಗೊಗಾರ್ಟಿ ಅವರನ್ನು ಎದುರಿಸಿದರು. ಮೂಗೊಡೆದು ರಕ್ತ ಸುರಿಯುತ್ತಿದ್ದರೂ ಗುಲಾಬಿ ಉಡುಪಿನ ಕ್ರಿಸ್ಟಿ ಹಿಂದೆ ಸರಿಯಲಿಲ್ಲ. ಆರು ಸುತ್ತುಗಳ ಬಳಿಕ ಅಂಕಗಳಲ್ಲಿ ಗೆದ್ದರು. ಟೈಸನ್ ಮೂರೇ ಸುತ್ತಿನಲ್ಲಿ ಪಂದ್ಯ ಮುಗಿಸಿದರೂ ಜನರ ಬಾಯಲ್ಲಿ ಉಳಿದದ್ದು ಈ ಹೆಣ್ಣುಮಕ್ಕಳ ಕಾದಾಟವೇ. ಮುಂದಿನ ತಿಂಗಳು ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಮುಖಪುಟದಲ್ಲಿ ಅವರ ಚಿತ್ರ ಬಂತು. ಮಹಿಳಾ ಬಾಕ್ಸಿಂಗ್‌ಗೆ ಅಂಥ ಗೌರವ ಹೊಸದು.

2003ರಲ್ಲಿ ಬಾಕ್ಸರ್ ಲೈಲಾ ಅಲಿಗೆ ಸೋತರು.

2010ರಲ್ಲಿ ತರಬೇತುದಾರನೂ ಆಗಿದ್ದ ಗಂಡ ಚೂರಿಯಿಂದ ಇರಿದು ಗುಂಡು ಹಾರಿಸಿದ. ಅವನಿಗೆ 25 ವರ್ಷಗಳ ಸೆರೆವಾಸವಾಯಿತು. ಬದುಕುಳಿದ ಕ್ರಿಸ್ಟಿ ಮರುವರ್ಷವೇ ರಿಂಗ್‌ಗೆ ಮರಳಿದ್ದು ಅಸಾಧಾರಣ ಧೈರ್ಯ. ಒಟ್ಟು 49 ಗೆಲುವು. 2020ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು.