ಟಾಯ್ಕಥಾನ್ 2021

ಟಾಯ್ಕಥಾನ್ 2021 ಎಂಬುದು ಹೊಸ ಆಟಿಕೆ ಹಾಗೂ ಆಟಗಳ ಪರಿಕಲ್ಪನೆಗಳಿಗಾಗಿ ಭಾರತ ಸರ್ಕಾರವು ಏರ್ಪಡಿಸಿದ ರಾಷ್ಟ್ರಮಟ್ಟದ ಸ್ಪರ್ಧೆ. ವಿದ್ಯಾರ್ಥಿಗಳು, ಶಿಕ್ಷಕರು, ನವೋದ್ಯಮಗಳು ಮತ್ತು ಆಟಿಕೆ ತಜ್ಞರಿಗೆ ಇದು ಮುಕ್ತವಾಗಿತ್ತು. ಒಟ್ಟು 50 ಲಕ್ಷ ರೂಪಾಯಿಗಳವರೆಗಿನ ಬಹುಮಾನಗಳನ್ನು ಘೋಷಿಸಲಾಗಿತ್ತು.

ಹಿನ್ನೆಲೆ

ಭಾರತವು ತನ್ನ ಆಟಿಕೆಗಳಲ್ಲಿ ಸುಮಾರು ಶೇ. 80ರಷ್ಟನ್ನು ಆಮದು ಮಾಡಿಕೊಳ್ಳುತ್ತಿದೆ ಎಂದು ಪ್ರಧಾನಿ ನರೇಂದ್ರ ಮೋದಿಯವರು 2021ರ ಜೂನ್ 24ರಂದು ಸ್ಪರ್ಧಿಗಳೊಂದಿಗೆ ನಡೆಸಿದ ಸಂವಾದದಲ್ಲಿ ತಿಳಿಸಿದರು. ಲಭ್ಯವಿರುವ ಡಿಜಿಟಲ್ ಆಟಗಳಲ್ಲಿ ಹೆಚ್ಚಿನವು ಭಾರತೀಯ ಪರಿಕಲ್ಪನೆಯವಲ್ಲ, ಹಲವು ಹಿಂಸೆಯನ್ನು ಉತ್ತೇಜಿಸುತ್ತವೆ ಎಂಬುದೂ ಅವರ ಅಭಿಪ್ರಾಯವಾಗಿತ್ತು.

ಸ್ವರೂಪ

ಸ್ಪರ್ಧೆಯು 2021ರ ಜನವರಿ 5ರಂದು ಆರಂಭವಾಯಿತು. ಶಾಲೆ, ಉನ್ನತ ಶಿಕ್ಷಣ ಹಾಗೂ ನವೋದ್ಯಮ ಎಂಬ ಮೂರು ವಿಭಾಗಗಳಿದ್ದವು. ಭಾರತೀಯ ಸಂಸ್ಕೃತಿ, ಕಲಿಕೆ, ಪರಿಸರ, ದೇಹದಾರ್ಢ್ಯ ಮೊದಲಾದ ಒಂಬತ್ತು ವಿಷಯಗಳನ್ನು ನೀಡಲಾಗಿತ್ತು. ಸುಮಾರು 1.2 ಲಕ್ಷ ಮಂದಿ ನೋಂದಾಯಿಸಿಕೊಂಡು 17,000ಕ್ಕೂ ಹೆಚ್ಚು ಪರಿಕಲ್ಪನೆಗಳನ್ನು ಸಲ್ಲಿಸಿದರು. ಇವುಗಳಲ್ಲಿ 1,567 ಅಂತಿಮ ಸುತ್ತಿಗೆ ಆಯ್ಕೆಯಾದವು. ಕೋವಿಡ್-19ರ ನಿರ್ಬಂಧಗಳಿಂದಾಗಿ ಜೂನ್ 22ರಿಂದ 24ರವರೆಗೆ ಆನ್‌ಲೈನ್‌ನಲ್ಲಿ ನಡೆದ ಅಂತಿಮ ಸುತ್ತನ್ನು ಡಿಜಿಟಲ್ ಆಟಿಕೆಗಳ ತಂಡಗಳಿಗೆ ಮೀಸಲಿಡಲಾಯಿತು. ಡಿಜಿಟಲ್ ಅಲ್ಲದ ಆಟಿಕೆಗಳಿಗೆ ಪ್ರತ್ಯೇಕ ಕಾರ್ಯಕ್ರಮವನ್ನು ನಿಗದಿಪಡಿಸಲಾಯಿತು.

ಕರ್ನಾಟಕದ ದೃಷ್ಟಿಯಿಂದ

ಕರ್ನಾಟಕದ ಡಿಜಿಟಲ್ ಆಟಗಳ ಉದ್ಯಮವು ಬಹುಮಟ್ಟಿಗೆ ಬೆಂಗಳೂರಿನಲ್ಲಿ ಕೇಂದ್ರೀಕೃತವಾಗಿದೆ. ಅಲ್ಲಿಂದ ಸುಮಾರು 700 ಕಿ.ಮೀ. ದೂರವಿರುವ ಬೀದರ್ ಜಿಲ್ಲೆಯಲ್ಲಿ ಬೀದರ್ ನಗರದ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ಹಾಗೂ ಭಾಲ್ಕಿಯ ಭೀಮಣ್ಣ ಖಂಡ್ರೆ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ತಾಂತ್ರಿಕ ಶಿಕ್ಷಣ ನೀಡುತ್ತವೆ. ಪರಿಕಲ್ಪನೆಗಳ ಸಲ್ಲಿಕೆಯೂ ಡಿಜಿಟಲ್ ವಿಭಾಗದ ಅಂತಿಮ ಸುತ್ತೂ ಆನ್‌ಲೈನ್‌ನಲ್ಲೇ ನಡೆದುದರಿಂದ, ಇಂತಹ ಕಾಲೇಜುಗಳ ಮತ್ತು ಔರಾದ್‌ನಂತಹ ಗಡಿ ತಾಲ್ಲೂಕುಗಳ ಶಾಲೆಗಳ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಊರು ಬಿಟ್ಟು ಹೋಗದೆಯೇ ಸ್ಪರ್ಧಿಸುವ ಅವಕಾಶವಿತ್ತು.